ಎಳೆದವರು ಬಿಚ್ಚದ ವೈರುಗಳು

2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್‌ನ ‘ಡೇಟಾಒನ್’ ಬ್ರಾಡ್‌ಬ್ಯಾಂಡ್ ಬೆಂಗಳೂರಿಗೆ ಬಂದಾಗ ನಾನು ಮನೆ ವೈರಿಂಗ್ ಕೆಲಸದಲ್ಲಿದ್ದೆ. ಆಗ ಹೊಸ ವೈರೇ ಬೇಕಿರಲಿಲ್ಲ. ಫೋನಿನ ಜೋಡಿ ತಾಮ್ರದ ತಂತಿಗೆ ಸ್ಪ್ಲಿಟರ್ ಎಂಬ ಪುಟ್ಟ ಡಬ್ಬಿ ಸಿಕ್ಕಿಸಿದರೆ ಒಂದು ಕಡೆ ಮಾತು, ಇನ್ನೊಂದು ಕಡೆ ಇಂಟರ್ನೆಟ್. 256 ಕೆಬಿಪಿಎಸ್ ವೇಗಕ್ಕೇ ಜನ ಹಿಗ್ಗುತ್ತಿದ್ದರು. ಮಳೆಗಾಲದಲ್ಲಿ ಫೋನಿನ ಡಬ್ಬಿ ಬಿಚ್ಚಿದರೆ ತಂತಿಯ ತುದಿಗೆ ಹಸಿರು ಕಿಲುಬು. ಬ್ಲೇಡಿನಿಂದ ಕೆರೆದು ಸ್ಕ್ರೂ ಬಿಗಿದರೆ ಮೋಡೆಮ್ಮಿನ ಮಿಣುಕುವ ದೀಪ ನಿಂತು ಉರಿಯುತ್ತಿತ್ತು.

ಆಮೇಲೆ ಕೇಬಲ್ ಟಿವಿಯವರ ಕಪ್ಪು ಕೋಆಕ್ಸಿಯಲ್, ಮರದಿಂದ ಮರಕ್ಕೆ ಕಟ್ಟಿ ಕಿಟಕಿಯಲ್ಲಿ ತೂರಿಸಿದ ಲ್ಯಾನ್ ವೈರು, ಕೊನೆಗೆ ಫೈಬರ್. ಕನೆಕ್ಷನ್ ನಿಲ್ಲಿಸಿದರೆ ಮೋಡೆಮ್ ಒಯ್ಯಲು ಬರುತ್ತಿದ್ದರು, ವೈರು ಬಿಚ್ಚಲು ಯಾರೂ ಬರುತ್ತಿರಲಿಲ್ಲ. ನಮ್ಮ ಕಸುಬಿನಲ್ಲಿ ಎಳೆದದ್ದಕ್ಕೆ ಕೂಲಿ ಉಂಟು, ಬಿಚ್ಚಿದ್ದಕ್ಕೆ ಇಲ್ಲ. ಈ ಪದ್ಧತಿ ನನಗೆ ಇವತ್ತಿಗೂ ಒಪ್ಪಿಗೆಯಿಲ್ಲ.

ಮನೆಗೆ ಬಣ್ಣ ಹೊಡೆಸುವಾಗ ಕರೆ ಬರುತ್ತದೆ: “ಅಣ್ಣಾ, ಇದನ್ನೆಲ್ಲ ಕಿತ್ತುಹಾಕಿಬಿಡಿ.” ನಾನು ಮೊದಲು ವೈರಿನ ಎರಡೂ ತುದಿ ಹುಡುಕುತ್ತೇನೆ. ಬಳಸದ ಫೋನ್ ಲೈನಿನಲ್ಲೂ ಎಕ್ಸ್‌ಚೇಂಜಿನ 48 ವೋಲ್ಟ್ ಬರುತ್ತಿರಬಹುದು, ಮನೆಯ ಮೇನ್ ಆಫ್ ಮಾಡಿದರೂ ಅದು ಹೋಗದು. ಗೋಡೆಯೊಳಗಿನ ಪೈಪಿನಲ್ಲಿರುವ ಹಳೇ ವೈರನ್ನಂತೂ ಸುಮ್ಮನೆ ಎಳೆದು ಬಿಸಾಡಲೇಬಾರದು. ಅದರ ತುದಿಗೆ ನೈಲಾನ್ ದಾರ ಕಟ್ಟಿ, ಗಂಟು ಉಬ್ಬದಂತೆ ಟೇಪ್ ಸುತ್ತಿ, ಮೇಲೆ ಪೌಡರ್ ಸವರಿ, ಒಬ್ಬರು ಈಚೆಯಿಂದ ದಾರ ಬಿಡುತ್ತ ಹೋದಂತೆ ಇನ್ನೊಬ್ಬರು ಆಚೆಯಿಂದ ನಿಧಾನವಾಗಿ ಎಳೆಯಬೇಕು. ಹಳೆಯದು ಹೊರಗೆ ಬಂದಾಗ ದಾರ ಒಳಗೆ ಕೂತಿರುತ್ತದೆ. ನಾಳೆ ಫೈಬರ್ ಹಾಕಿಸುವಾಗ ಗೋಡೆ ಒಡೆಯುವ ಪ್ರಮೇಯವಿಲ್ಲ.

ಹೊರಬಂದದ್ದು ಗುಜರಿಗೆ. ಅಲ್ಲಿ ಮೊದಲು ಮ್ಯಾಗ್ನೆಟ್ ಹಿಡಿಯುತ್ತಾರೆ. ಕೋಆಕ್ಸಿಯಲ್‌ನ ನಡುತಂತಿ ಎಷ್ಟೋ ಸಲ ತಾಮ್ರ ಲೇಪಿಸಿದ ಉಕ್ಕು, ಅಂಟಿಕೊಂಡರೆ ರೇಟು ಬಿತ್ತು. ಫೈಬರ್ ಬರೀ ಗಾಜು, ಅದನ್ನು ಕೇಳುವವರಿಲ್ಲ. ಆ ಗಾಜಿನ ಎಳೆ 125 ಮೈಕ್ರಾನ್ ದಪ್ಪ, ತುಂಡರಿಸಿದ ಚೂರು ಚರ್ಮದೊಳಗೆ ಹೊಕ್ಕರೆ ಕಣ್ಣಿಗೇ ಕಾಣದು. ಅದಕ್ಕೇ ಚೂರುಗಳನ್ನು ಬರಿಗೈಯಲ್ಲಿ ಮುಟ್ಟದೆ ಟೇಪಿಗೆ ಅಂಟಿಸಿ ತೆಗೆಯಿರಿ ಎಂದು ಹುಡುಗರಿಗೆ ಹೇಳಿ ಹೇಳಿ ಸಾಕಾಗಿದೆ.

ತಾಮ್ರದಾಸೆಗೆ ವೈರಿನ ರಾಶಿಗೆ ಬೆಂಕಿ ಇಡುವವರ ಜೊತೆ ಬೀದಿಯಲ್ಲೇ ಜಗಳ ಆಡಿದ್ದೇನೆ. ಪಿವಿಸಿ ಸುಟ್ಟ ಹೊಗೆಯಲ್ಲಿ ಡಯಾಕ್ಸಿನ್ ಇರುತ್ತದೆ, ಅವರ ಮಕ್ಕಳೇ ಪಕ್ಕದಲ್ಲಿ ಆಡುತ್ತಿರುತ್ತಾರೆ. ಬ್ಲೇಡಿನಲ್ಲಿ ಸುಲಿಯಲು ಹೊತ್ತು ಹಿಡಿಯುತ್ತದೆ, ನಿಜ. ಆದರೆ ಸುಟ್ಟು ಕಪ್ಪಾದ ತಾಮ್ರಕ್ಕಿಂತ ಸುಲಿದ ತಾಮ್ರಕ್ಕೇ ಗುಜರಿಯಲ್ಲಿ ಹೆಚ್ಚು ದುಡ್ಡು.