ಸಕಾರ ಉಳಿಸುವ ಫೋನು

ಫೋನಿನಲ್ಲಿ ಹೆಸರು ಬರೆಸುವಾಗ ನಾವೆಲ್ಲ ‘ಸೀತೆಯ ಸ, ಶಂಕರನ ಶ’ ಎಂದು ಬಿಡಿಸಿ ಹೇಳುತ್ತೇವೆ. ಎದುರಿಗೆ ಕುಳಿತವರಿಗೆ ಹೀಗೆ ಹೇಳಬೇಕಾಗುವುದಿಲ್ಲ. ದೋಷ ಕಿವಿಯದಲ್ಲ, ನಾಲಗೆಯದೂ ಅಲ್ಲ, ಫೋನಿನದು. ಹಳೆಯ ದೂರವಾಣಿ ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಸದ್ದನ್ನು ಮಾತ್ರ ಸಾಗಿಸುತ್ತದೆ. ಸಕಾರದ ಸೀಟಿಯಂಥ ಸದ್ದಿನ ಹೆಚ್ಚಿನ ಪಾಲು ಅದಕ್ಕೂ ಮೇಲಿದೆ. ಹಾಗಾಗಿ ಅದು ಈಚೆ ದಡದಲ್ಲೇ ಉಳಿದುಬಿಡುತ್ತದೆ.

ಈ ಸಂಗತಿ ನನಗೆ ಮುಖ್ಯವಾದದ್ದು ಬಹರೈನಿನಲ್ಲಿರುವ ಮೊಮ್ಮಗಳ ದೆಸೆಯಿಂದ. ಅವಳಿಗೆ ಶಾಲೆಯಲ್ಲಿ ಇಂಗ್ಲಿಷ್, ನೆರೆಮನೆಯಲ್ಲಿ ಮಲಯಾಳ. ಕನ್ನಡ ಮನೆಯೊಳಗಷ್ಟೇ, ಮತ್ತೆ ಸಂಜೆ ನಮ್ಮೊಡನೆ ಆಡುವ ಮಾತಿನಲ್ಲಿ. ಕನ್ನಡ ಅಕ್ಷರ ಅವಳಿಗಿನ್ನೂ ಬಾರದು. ನಾನು ಹೇಳಿದ್ದು ‘ಸಾಲು’ ಎಂದೋ ‘ಶಾಲು’ ಎಂದೋ ಕಿವಿಗೆ ತಿಳಿಯದೆ ಹೋದರೆ, ಪುಸ್ತಕ ನೋಡಿ ತಿದ್ದಿಕೊಳ್ಳುವ ದಾರಿಯೂ ಅವಳಿಗಿಲ್ಲ.

ಮಗ ಎರಡೂ ಕಡೆಯ ಮೊಬೈಲಿಗೆ ಅಂತರ್ಜಾಲದ ಫೋನು ಹಾಕಿಕೊಟ್ಟ. ಮಾತನ್ನು ಅಂಕೆಗಳಾಗಿ ಕಟ್ಟಿ ಕಳಿಸುವ, ಆಚೆ ಬಿಚ್ಚುವ ಕ್ರಮಕ್ಕೆ ಕೋಡೆಕ್ ಎಂದು ಹೆಸರು. ಯಾವುದು ಬೇಕೆಂದು ಅದರಲ್ಲಿ ನಾವೇ ಆರಿಸಬಹುದು. 1972ರ ಜಿ.711 ಸೆಕೆಂಡಿಗೆ 64 ಕಿಲೋಬಿಟ್ ಬಳಸಿ ಹಳೆಯ ಫೋನಿನಷ್ಟೇ ಚೆನ್ನಾಗಿ ಕೇಳಿಸುತ್ತದೆ. 1996ರ ಜಿ.729ಕ್ಕೆ 8 ಕಿಲೋಬಿಟ್ ಸಾಕು. ಮಗ ಮೊದಲು ಹಾಕಿದ್ದು ಈ ಮಿತವ್ಯಯದ್ದನ್ನೇ.

ಅದು ಮನುಷ್ಯನ ಗಂಟಲು, ಬಾಯಿಗಳ ಒಂದು ಮಾದರಿಯನ್ನು ಇಟ್ಟುಕೊಂಡು ಆ ಮಾದರಿಯ ವಿವರಗಳನ್ನಷ್ಟೇ ಕಳಿಸುತ್ತದೆ. ಮಾತು ಅರ್ಥವಾಗುತ್ತದೆ. ಆದರೆ ಚೆಂಡೆಗೆ ಗಂಟಲೆಲ್ಲಿದೆ? ಒಮ್ಮೆ ಯಕ್ಷಗಾನದ ಚೆಂಡೆ ಕೇಳಿಸೋಣವೆಂದು ಫೋನು ಹಿಡಿದರೆ, “ಅಜ್ಜ, ಅಲ್ಲಿ ಪಾತ್ರೆ ಬೀಳ್ತಾ ಉಂಟಾ?” ಎಂದು ಕೇಳಿದಳು.

ಉಳಿತಾಯವೂ ಕಾಣುವಷ್ಟಿಲ್ಲ. ಅಂತರ್ಜಾಲದಲ್ಲಿ ಮಾತು ಸಣ್ಣ ಸಣ್ಣ ಪೊಟ್ಟಣಗಳಾಗಿ ಹೋಗುತ್ತದೆ. ಪ್ರತಿಯೊಂದಕ್ಕೂ ವಿಳಾಸದ ಚೀಟಿ ಬೇಕು. ಸೆಕೆಂಡಿಗೆ 50 ಪೊಟ್ಟಣ ಹೋದರೆ ಚೀಟಿಗಳಿಗೇ 16 ಕಿಲೋಬಿಟ್. ಅಲ್ಲಿಗೆ 8 ಎಂಬುದು 24 ಆಯಿತು. ಅಕ್ಕಿಗಿಂತ ಗೋಣಿಯೇ ಭಾರ!

ಈಗ ನಾವು ಬಳಸುವುದು 2012ರಲ್ಲಿ ಬಂದ ಓಪಸ್. ಜಾಲದ ಶಕ್ತಿ ನೋಡಿಕೊಂಡು 6ರಿಂದ 510 ಕಿಲೋಬಿಟ್‌ವರೆಗೆ ಹೊಂದಿಕೊಳ್ಳಬಲ್ಲದು. 20,000 ಹರ್ಟ್ಸ್‌ವರೆಗಿನ ಸದ್ದನ್ನು ಒಯ್ಯಬಲ್ಲದು. ಮಾತಿಗೊಂದು, ಸಂಗೀತಕ್ಕೊಂದು ವಿಧಾನ ಅದರೊಳಗಿದೆ. ಮಳೆಗಾಲದಲ್ಲಿ ಜಾಲ ಸೊರಗಿ ಪೊಟ್ಟಣಗಳು ಕಳೆದುಹೋದರೆ ಆ ತೆರವನ್ನು ತಕ್ಕಮಟ್ಟಿಗೆ ತುಂಬಿಕೊಳ್ಳುತ್ತದೆ. ಆದರೆ ಎರಡೂ ತುದಿಗಳಲ್ಲಿ ಅದೇ ಇರಬೇಕು. ನಡುವೆ ಹಳೆಯ ದೂರವಾಣಿ ಜಾಲ ಬಂದರೆ ಮತ್ತೆ 3400ರ ಬೇಲಿಯೇ.

ಲೆಕ್ಕ, ವ್ಯವಹಾರಗಳಿಗೆ ಹೇಗೋ ಅರ್ಥವಾದರೆ ಸಾಕು. ಗಡಿನಾಡಿನ ನಮ್ಮ ಮನೆಗಳಲ್ಲಿ ಮಕ್ಕಳು ಭಾಷೆ ಕಲಿಯುವುದೇ ಫೋನಿನಿಂದ ಎಂದಾಗಿರುವಾಗ ಅಷ್ಟು ಸಾಲದು. ಇಂಥ ಫೋನು ಇರುವವರು ಅದರ ಕೋಡೆಕ್ ಪಟ್ಟಿ ತೆರೆದು, ಮೊದಲ ಸಾಲಿನಲ್ಲಿ ಯಾವುದಿದೆ ಎಂದು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.