ಬುಧವಾರದ ಉಪವಾಸ

ಪ್ರಥಮ ಪಿಯುಸಿಗೆ ಸೇರಿದ ಮೊದಲ ಎರಡು ತಿಂಗಳಲ್ಲಿ, ತುಂಬ ಉಪವಾಸ ಹಿಡಿಯುವ ಹುಡುಗಿ ಎಂದು ತರಗತಿಯಲ್ಲಿ ನನಗೆ ಹೆಸರು ಬಂದಿತ್ತು. ಸೋಮವಾರ, ಗುರುವಾರ ಸುನ್ನತ್ ಉಪವಾಸ ಹಿಡಿಯುವವರು ನಮ್ಮ ಕಾಲೇಜಿನಲ್ಲಿ ಹಲವರಿದ್ದಾರೆ. ಹಾಗಾಗಿ ಮಧ್ಯಾಹ್ನದ ಬೆಲ್ ಆದ ಮೇಲೆ ನಾನು ಬುತ್ತಿ ಬಿಚ್ಚದೆ ಕುಳಿತರೂ ಯಾರೂ ಏನೂ ಕೇಳುತ್ತಿರಲಿಲ್ಲ. ಕೇಳಿದವರಿಗೆ "ಇವತ್ತು ಉಪವಾಸ" ಎಂದರೆ ಸಾಕಿತ್ತು. ಗೆಳತಿಯರು ಗೌರವದಿಂದ ಸ್ವಲ್ಪ ದೂರ ಹೋಗಿ ಊಟ ಮಾಡುತ್ತಿದ್ದರು.

ಒಂದು ಬುಧವಾರ ಅರ್ಥಶಾಸ್ತ್ರದ ಮೇಡಂ ಕಾರಿಡಾರಿನಲ್ಲಿ ನನ್ನನ್ನು ನಿಲ್ಲಿಸಿ ಮೆಲ್ಲಗೆ ಕೇಳಿದರು: "ಸೋಮವಾರ, ಗುರುವಾರ ಗೊತ್ತು. ಬುಧವಾರದ್ದು ಯಾವ ಉಪವಾಸ ಮಗಾ?"

ನನಗೆ ಉತ್ತರ ಬರಲಿಲ್ಲ. ಅದು ಉಪವಾಸವಾಗಿರಲಿಲ್ಲ. ನನ್ನ ಚೀಲದಲ್ಲಿ ಬುತ್ತಿಯೇ ಇರಲಿಲ್ಲ.

ಎರಡು ವರ್ಷ ಯಾರಿಗೂ ಹೇಳದ ಈ ಮಾತನ್ನು ಈಗ ಬರೆಯಲು ಕಾರಣವಿದೆ. ಮುಂದಿನ ವರ್ಷದಿಂದ ನಮ್ಮ ಕಾಲೇಜಿನಲ್ಲಿ ಬಡ ವಿದ್ಯಾರ್ಥಿಗಳಿಗೆ ಮಧ್ಯಾಹ್ನದ ಊಟ ಕೊಡುವ ಬಗ್ಗೆ ಪೋಷಕರ ಸಭೆಯಲ್ಲಿ ಚರ್ಚೆಯಾಗಿದೆ. ಯಾರಿಗೆ ಕೊಡಬೇಕು ಎಂಬ ಪಟ್ಟಿಯನ್ನು ಪ್ರತಿ ತರಗತಿಯಿಂದ ತರಿಸುತ್ತಾರಂತೆ. ಆ ಊಟ ಬರುವಾಗ ನಾನು ಇಲ್ಲಿ ಇರುವುದಿಲ್ಲ. ಆದರೂ ಆ ಪಟ್ಟಿಯ ಬಗ್ಗೆ ನನಗೆ ಒಂದು ಮಾತು ಹೇಳಲಿಕ್ಕಿದೆ.

ನನ್ನ ತಂದೆ ಸ್ಕೂಟರಿನಲ್ಲಿ ಮೀನು ಮಾರುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಅದು ಮೀನು ಮರಿ ಮಾಡುವ ಕಾಲ. ನಿಯಮ ಒಳ್ಳೆಯದೇ. ಆದರೆ ಆ ಎರಡು ತಿಂಗಳು ನಮ್ಮ ಮನೆಯ ಸ್ಕೂಟರ್ ಹೆಚ್ಚಾಗಿ ಅಂಗಳದಲ್ಲೇ ನಿಲ್ಲುತ್ತದೆ, ಮತ್ತು ಕಾಲೇಜು ಶುರುವಾಗುವುದೂ ಅದೇ ಜೂನ್ ತಿಂಗಳಲ್ಲಿ. ಫೀಸು, ಪುಸ್ತಕ, ಕೊಡೆ, ಚಪ್ಪಲಿ ಎಲ್ಲವೂ ಒಟ್ಟಿಗೆ ಬರುತ್ತವೆ. ಆಗ ಮನೆ ನಡೆಯುವುದು ಉಮ್ಮ ಕಟ್ಟುವ ಬೀಡಿಯಿಂದ. ಮಳೆ ಜೋರಾದರೆ ಬ್ರಾಂಚಿನಲ್ಲಿ ಅದಕ್ಕೂ ಎಲೆ ಸರಿಯಾಗಿ ಸಿಗುವುದಿಲ್ಲ.

ಸರ್ಕಾರ ಏನೂ ಕೊಡಲಿಲ್ಲ ಎಂದು ಹೇಳಿದರೆ ಅದು ಇನ್ನೊಂದು ಸುಳ್ಳಾಗುತ್ತದೆ. ರೇಷನ್ ಅಕ್ಕಿ ಬರುತ್ತಿತ್ತು. 2024ರ ಆ ಮಳೆಗಾಲದಲ್ಲಿ ಒಬ್ಬರಿಗೆ ತಿಂಗಳಿಗೆ 5 ಕೆಜಿ ಅಕ್ಕಿ, ಇನ್ನೈದು ಕೆಜಿಯ ಬದಲಿಗೆ 170 ರೂಪಾಯಿ. 5 ಕೆಜಿ ಎಂದರೆ ದಿನಕ್ಕೆ 170 ಗ್ರಾಮಿಗಿಂತ ಕಡಿಮೆ. ಗೃಹಲಕ್ಷ್ಮಿಯ 2,000 ರೂಪಾಯಿ ಉಮ್ಮನ ಖಾತೆಗೆ ಬರುತ್ತಿತ್ತು, ಅದು ಮನೆ ಬಾಡಿಗೆಗೆ ಹೋಗುತ್ತಿತ್ತು. ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತ. ಆದರೆ ನಮ್ಮ ಊರಿನ ರಸ್ತೆಯಲ್ಲಿ ಓಡುವುದು ಖಾಸಗಿ ಬಸ್ಸುಗಳು ಮಾತ್ರ, ಅಲ್ಲಿ ಕಂಡಕ್ಟರ್ ಕೈ ಚಾಚುತ್ತಾನೆ. ಬೆಳಿಗ್ಗೆ ನನ್ನ ಪಾಲಿನ ಗಂಜಿ ಕುಡಿದು ಏಳೂವರೆಯ ಬಸ್ಸಿಗೆ ಹೊರಟರೆ, ಪಾತ್ರೆಯಲ್ಲಿ ಉಳಿಯುತ್ತಿದ್ದದ್ದು ಉಮ್ಮನ ಮಧ್ಯಾಹ್ನದ ಊಟ. ಅದನ್ನು ಬುತ್ತಿಗೆ ಹಾಕಿಕೊಳ್ಳಲು ನನಗೆ ಮನಸ್ಸು ಬರುತ್ತಿರಲಿಲ್ಲ.

ಇದಕ್ಕೆ ಮೂರು ತಿಂಗಳ ಹಿಂದೆ ಈ ಸಮಸ್ಯೆಯೇ ಇರಲಿಲ್ಲ. ಹತ್ತನೇ ತರಗತಿಯವರೆಗೆ ನಾನು ಕಲಿತದ್ದು ಸರ್ಕಾರಿ ಶಾಲೆಯಲ್ಲಿ. ಅಲ್ಲಿ ಬೆಳಿಗ್ಗೆ ಹಾಲು, ಮಧ್ಯಾಹ್ನ ಬಿಸಿ ಅನ್ನ, ಸಾಂಬಾರು, ಕೆಲವು ದಿನ ಮೊಟ್ಟೆ. ನಾವೆಲ್ಲರೂ ಸಾಲಾಗಿ ಕುಳಿತು ತಿನ್ನುತ್ತಿದ್ದೆವು. ಯಾರ ಮನೆಯಲ್ಲಿ ಏನಿದೆ ಎಂದು ಅಲ್ಲಿ ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ದಿನ ಆ ತಟ್ಟೆಯೂ ಮುಗಿಯಿತು. ಈಗ ಐದನೇ ತರಗತಿಯಲ್ಲಿರುವ ತಮ್ಮ ಸಂಜೆ ಬಂದು "ಇವತ್ತು ಮೊಟ್ಟೆ ಕೊಟ್ರು" ಎನ್ನುವಾಗ ಸಂತೋಷವಾಗುತ್ತದೆ, ಒಂಚೂರು ಹೊಟ್ಟೆಕಿಚ್ಚೂ ಆಗುತ್ತದೆ.

ಹಾಗಾದರೆ ನಾನು ಯಾವಾಗ ದೊಡ್ಡವಳಾದೆ? ಮಗು ಎಂದರೆ ಯಾರು ಎನ್ನುವುದಕ್ಕೆ ನಮ್ಮ ಕಾನೂನುಗಳಲ್ಲಿ ಒಂದೇ ಉತ್ತರ ಇಲ್ಲ. 1992ರಲ್ಲಿ ಭಾರತ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ ಪ್ರಕಾರ 18 ವರ್ಷದೊಳಗಿನವರೆಲ್ಲ ಮಕ್ಕಳು. ಪೋಕ್ಸೊ ಕಾಯ್ದೆಗೂ ಅಷ್ಟೇ. ಶಿಕ್ಷಣ ಹಕ್ಕು ಕಾಯ್ದೆಗೆ ಮಗು ಎಂದರೆ 6ರಿಂದ 14. 2013ರ ಆಹಾರ ಭದ್ರತಾ ಕಾಯ್ದೆಯಲ್ಲಿ ಶಾಲೆಯ ಊಟ ಎಂಟನೇ ತರಗತಿಯವರೆಗೆ. ನಮ್ಮ ರಾಜ್ಯ ಒಂಬತ್ತು, ಹತ್ತನೇ ತರಗತಿಯವರಿಗೂ ತನ್ನ ಖರ್ಚಿನಲ್ಲಿ ಬಡಿಸುತ್ತದೆ. ಅಂದರೆ ಹದಿನಾರರಲ್ಲಿ ನಾನು ಓಟು ಹಾಕಲು ಚಿಕ್ಕವಳು, ಮದುವೆಗೆ ಚಿಕ್ಕವಳು, ಊಟಕ್ಕೆ ಮಾತ್ರ ದೊಡ್ಡವಳು.

ಈ ಗೆರೆ ಆಕಾಶದಿಂದ ಇಳಿದದ್ದಲ್ಲ. ಮದ್ರಾಸಿನಲ್ಲಿ ಕಾಮರಾಜರು ಮುಖ್ಯಮಂತ್ರಿಯಾಗಿದ್ದಾಗ ಶಾಲೆಯಲ್ಲಿ ಊಟ ಹಾಕಲು ತೊಡಗಿದಾಗ, ಅಷ್ಟು ದುಡ್ಡು ಎಲ್ಲಿದೆ ಎಂಬ ಪ್ರಶ್ನೆ ಅಲ್ಲೂ ಇತ್ತು. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್, ಎಲ್ಲ ರಾಜ್ಯಗಳ ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಬೇಕು ಎಂದು ಆದೇಶಿಸಿತು. ನಮ್ಮಲ್ಲಿ ಅಕ್ಷರ ದಾಸೋಹ ಬಂತು. ಮೊದಲು ಐದನೇ ತರಗತಿಯವರೆಗೆ ಇದ್ದ ಗೆರೆ ಏಳಕ್ಕೆ ಹೋಯಿತು, ಆಮೇಲೆ ಹತ್ತಕ್ಕೆ ಹೋಯಿತು. ಪ್ರತಿ ಸಲವೂ ಯಾರೋ ಕೇಳಿದ್ದಾರೆ, ಯಾರೋ ಲೆಕ್ಕ ಹಾಕಿದ್ದಾರೆ, ಗೆರೆ ಸರಿದಿದೆ.

ಗೆರೆ ತಪ್ಪು ಜಾಗದಲ್ಲಿ ಬಿದ್ದರೆ ಏನಾಗುತ್ತದೆ ಎಂಬುದಕ್ಕೆ ಮದ್ರಸದಲ್ಲಿ ಉಸ್ತಾದ್ ಹೇಳಿದ್ದ ಒಂದು ಘಟನೆ ಇದೆ. ನಿಮ್ಮಲ್ಲಿ ಹಲವರು ಕೇಳಿರುತ್ತೀರಿ. ಹಝ್ರತ್ ಉಮರ್(ರ) ಖಲೀಫರಾಗಿದ್ದಾಗ ಬೈತುಲ್ ಮಾಲ್‌ನಿಂದ ಮಕ್ಕಳಿಗೆ ಭತ್ಯೆ ಕೊಡುತ್ತಿದ್ದರು. ಆದರೆ ಎದೆಹಾಲು ಬಿಟ್ಟ ಮಕ್ಕಳಿಗೆ ಮಾತ್ರ. ಒಂದು ರಾತ್ರಿ ಮದೀನಾದ ಹೊರಗೆ ತಂಗಿದ್ದ ವರ್ತಕರ ತಂಡಕ್ಕೆ ಅವರು ಕಾವಲು ಕಾಯುತ್ತಿದ್ದರು. ಒಂದು ಮಗು ಬಿಡದೆ ಅಳುತ್ತಿತ್ತು. ಎರಡು ಮೂರು ಸಲ ಹೋಗಿ ತಾಯಿಗೆ ಬುದ್ಧಿ ಹೇಳಿದರು. ಎದುರಿಗಿರುವವರು ಯಾರೆಂದು ತಿಳಿಯದ ಆ ತಾಯಿ ಕೊನೆಗೆ ನಿಜ ಹೇಳಿದಳು. ಮಗುವಿಗೆ ಹಾಲು ಬಿಡಿಸಲು ನೋಡುತ್ತಿದ್ದೇನೆ, ಹಾಲು ಬಿಟ್ಟ ಮಕ್ಕಳಿಗೆ ಮಾತ್ರ ಉಮರ್ ಭತ್ಯೆ ಕೊಡುತ್ತಾರಲ್ಲ ಎಂದಳು. ಮಗುವಿಗೆ ಇನ್ನೂ ಕೆಲವೇ ತಿಂಗಳು. ಬೆಳಗಿನ ನಮಾಝಿನಲ್ಲಿ ಉಮರ್ ಎಷ್ಟು ಅತ್ತರೆಂದರೆ ಅವರ ಓದು ಜನರಿಗೆ ಸರಿಯಾಗಿ ಕೇಳಿಸಲಿಲ್ಲವಂತೆ. ನಮಾಝ್ ಮುಗಿದೊಡನೆ ಡಂಗುರ ಸಾರಿಸಿದರು: ಯಾರೂ ಅವಸರದಲ್ಲಿ ಹಾಲು ಬಿಡಿಸಬೇಡಿ, ಹುಟ್ಟಿದ ಪ್ರತಿ ಮಗುವಿಗೂ ಇನ್ನು ಭತ್ಯೆ ಇದೆ.

ಚಿಕ್ಕವಳಿದ್ದಾಗ ಇದು ಒಬ್ಬ ಒಳ್ಳೆಯ ಖಲೀಫರ ಕಥೆ ಎಂದಷ್ಟೇ ತಿಳಿದಿದ್ದೆ. ಈ ವರ್ಷ ಸರ್ಕಾರದ ಬಜೆಟ್ ಅಧ್ಯಾಯ ಓದುವಾಗ ಅದು ಬೇರೆಯಾಗಿ ಕಂಡಿತು. ಉಮರ್(ರ) ಅವರಲ್ಲಿ ಕರುಣೆಗೆ ಕೊರತೆ ಇರಲಿಲ್ಲ, ಬೊಕ್ಕಸದಲ್ಲಿ ಹಣಕ್ಕೂ ಇರಲಿಲ್ಲ. ತೊಂದರೆ ಇದ್ದದ್ದು ಷರತ್ತಿನಲ್ಲಿ. ಮಗುವಿನ ಒಳ್ಳೆಯದಕ್ಕೆಂದು ಮಾಡಿದ ಯೋಜನೆಯ ಷರತ್ತೇ ಮಗುವಿನ ಬಾಯಿಂದ ಹಾಲು ಕಸಿದಿತ್ತು. ಅವರು ಷರತ್ತನ್ನೇ ತೆಗೆದರು.

ಅದೇ ಅಧ್ಯಾಯ ಮಾಡುವಾಗ ಮೇಡಂ ಬೋರ್ಡಿನ ಮೇಲೆ ಒಂದು ಲೆಕ್ಕ ಕೊಟ್ಟರು. 6ರಿಂದ 8ನೇ ತರಗತಿಯ ಒಂದು ಮಗುವಿನ ಒಂದು ಊಟಕ್ಕೆ ಬೇಳೆ, ತರಕಾರಿ, ಎಣ್ಣೆ, ಗ್ಯಾಸಿಗೆಂದು ಕೇಂದ್ರ ಸರ್ಕಾರ 2025ರ ಮೇ ತಿಂಗಳಿಂದ ನಿಗದಿ ಮಾಡಿದ ದರ 10 ರೂಪಾಯಿ 17 ಪೈಸೆ. ಅಕ್ಕಿಯ ಬೆಲೆ, ಅಡುಗೆಯವರ ಗೌರವಧನ ಬೇರೆ. ನಮ್ಮ ತರಗತಿಯಲ್ಲಿ 60 ಮಂದಿ, ವರ್ಷಕ್ಕೆ 200 ದಿನ ಎಂದರೆ 1,22,040 ರೂಪಾಯಿ. "ಈ ಹಣ ಎಲ್ಲಿಂದ ತರುತ್ತೀರಿ?" ಎಂದು ಮೇಡಂ ಕೇಳಿದರು. "ಶ್ರೀಮಂತರ ತೆರಿಗೆಯಿಂದ" ಎಂದು ಹಿಂದಿನ ಬೆಂಚಿನಿಂದ ಉತ್ತರ ಬಂತು. "ನಿಮ್ಮ ಅಮ್ಮ ತೆರಿಗೆ ಕೊಡುವುದಿಲ್ಲವಾ?" ಎಂದು ಮೇಡಂ ಮತ್ತೆ ಕೇಳಿದರು.

ಆ ಸಂಜೆ ಉಮ್ಮ ಮಡಿಲಲ್ಲಿ ಗೆರಸೆ ಇಟ್ಟುಕೊಂಡು ಬೀಡಿ ಕಟ್ಟುವಾಗ ಪಕ್ಕದಲ್ಲಿ ಕುಳಿತು ನಾನೂ ಒಂದು ಲೆಕ್ಕ ಮಾಡಿದೆ. ಬೀಡಿ ಕಾರ್ಮಿಕರ ಮಕ್ಕಳಿಗೆ ಕಾರ್ಮಿಕ ಕಲ್ಯಾಣ ಇಲಾಖೆಯಿಂದ ವಿದ್ಯಾರ್ಥಿವೇತನ ಬರುತ್ತದೆ. ಪಿಯುಸಿಗೆ ವರ್ಷಕ್ಕೆ 3,000 ರೂಪಾಯಿ. ಉಮ್ಮ ಅದನ್ನು ಯಾರೋ ಪುಣ್ಯಾತ್ಮರು ಕೊಟ್ಟದ್ದು ಎಂದು ತಿಳಿದು ದುಆ ಮಾಡುತ್ತಾರೆ. 1976ರ ಕಾನೂನಿನ ಪ್ರಕಾರ ಬೀಡಿಯ ಮೇಲೆ ಒಂದು ಸೆಸ್ ಇತ್ತು. ಕೊನೆಯ ಹೊತ್ತಿಗೆ ಸಾವಿರ ಬೀಡಿಗೆ 5 ರೂಪಾಯಿ. ಅದು ಕಾರ್ಮಿಕರ ಕಲ್ಯಾಣ ನಿಧಿಗೇ ಹೋಗುತ್ತಿತ್ತು. ದಿನಕ್ಕೆ 600 ಬೀಡಿ, ವರ್ಷಕ್ಕೆ 300 ದಿನ ಎಂದರೆ 1,80,000 ಬೀಡಿ. ಉಮ್ಮನ ಬೆರಳುಗಳಿಂದ ಆ ನಿಧಿಗೆ ವರ್ಷಕ್ಕೆ 900 ರೂಪಾಯಿ ಸೇರುತ್ತಿತ್ತು. ಅವರು ದುಆ ಮಾಡುತ್ತಿದ್ದ ಪುಣ್ಯಾತ್ಮರಲ್ಲಿ ಅವರೂ ಒಬ್ಬರು.

2017ರಲ್ಲಿ ಜಿಎಸ್‌ಟಿ ಬಂದಾಗ ಆ ಸೆಸ್ ರದ್ದಾಯಿತು. ಬೀಡಿಗೆ 28 ಶೇಕಡಾ ಜಿಎಸ್‌ಟಿ ಬಿತ್ತು, 2026ರ ಫೆಬ್ರವರಿಯಲ್ಲಿ ಅದು 18ಕ್ಕೆ ಇಳಿಯಿತು. ವಿದ್ಯಾರ್ಥಿವೇತನ ನಿಂತಿಲ್ಲ. ಆದರೆ ಮೊದಲು ಆ ಹಣಕ್ಕೆ ಬೇರೆಯೇ ಒಂದು ಡಬ್ಬಿ ಇತ್ತು, ಈಗ ಎಲ್ಲವೂ ದೊಡ್ಡ ಹುಂಡಿಗೆ ಬೀಳುತ್ತದೆ. ಬಜೆಟ್ ಬರೆಯುವವರು ಪ್ರತಿ ವರ್ಷ ನಮ್ಮನ್ನು ನೆನಪಿಟ್ಟುಕೊಂಡು ತೆಗೆದಿಡಬೇಕು. ಬೀಡಿ ಒಂದೇ ಅಲ್ಲ, ಸೋಪು ತಂದರೂ ಚಪ್ಪಲಿ ತಂದರೂ ಉಮ್ಮ ಆ ಹುಂಡಿಗೆ ಹಾಕುತ್ತಲೇ ಇರುತ್ತಾರೆ. ಮಗುವಿನ ತಟ್ಟೆಗೆ ಬೀಳುವ ಅನ್ನ ದಾನವಲ್ಲ ಎಂದು ನನಗೆ ಅರ್ಥವಾದದ್ದು ಪುಸ್ತಕದಿಂದಲ್ಲ, ಆ ಗೆರಸೆಯಿಂದ.

ಈಗ ನಮ್ಮ ಕಾಲೇಜಿನ ಪಟ್ಟಿಗೆ ಬರುತ್ತೇನೆ. ಎರಡು ವರ್ಷದ ಹಿಂದೆ ಆ ಪಟ್ಟಿ ನನ್ನ ತರಗತಿಗೆ ಬಂದಿದ್ದರೆ ನಾನು ಹೆಸರು ಕೊಡುತ್ತಿರಲಿಲ್ಲ. ದೇವರ ಹೆಸರಿನ ಉಪವಾಸವನ್ನೇ ಸುಳ್ಳಾಗಿ ಹೇಳಿ ಹಸಿವು ಮುಚ್ಚಿಟ್ಟವಳು, ಎಲ್ಲರ ಮುಂದೆ ಎದ್ದು ನಿಂತು "ನಾನು ಬಡವಳು" ಎಂದು ಬರೆಸುತ್ತಿದ್ದೆನಾ? ಆದಾಯ ಪ್ರಮಾಣಪತ್ರ ತರಲು ತಂದೆ ಒಂದು ದಿನದ ಕೆಲಸ ಬಿಡಬೇಕು. ಪಟ್ಟಿ ಇದ್ದರೆ ನಾಚಿಕೆ ಇಲ್ಲದವರಿಗೆ ಊಟ ಸಿಗುತ್ತದೆ, ನಾಚಿಕೆ ಇದ್ದವರಿಗೆ ಉಪವಾಸ ಮುಂದುವರಿಯುತ್ತದೆ.

ಎಲ್ಲರಿಗೂ ಕೊಡಲು ಹಣ ಸಾಲದು ಎನ್ನಬಹುದು. ನಿಜ. ಝಕಾತಿನ ಹಣಕ್ಕೆ ಕುರ್‌ಆನ್ ಎಂಟು ವರ್ಗದ ಹಕ್ಕುದಾರರನ್ನು ಹೇಳಿದೆ, ಅದನ್ನು ಎಲ್ಲರಿಗೂ ಬಡಿಸಲಾಗದು. ನಮ್ಮ ತರಗತಿಯಲ್ಲಿ ಎಲ್ಲ ಸಮುದಾಯದವರೂ ಇದ್ದಾರೆ. ಹಾಗಾಗಿ ಊಟಕ್ಕೆ ಸದಕಾ ಮತ್ತು ಹಳೆ ವಿದ್ಯಾರ್ಥಿಗಳ ದೇಣಿಗೆ ಇರಲಿ. ಇದ್ದವರು ತಿಂಗಳ ಆರಂಭದಲ್ಲಿ ಆಫೀಸಿನಲ್ಲಿ ಹಣ ಕಟ್ಟಲಿ, ಇಲ್ಲದವರು ಅದೇ ಕಿಟಕಿಯಲ್ಲಿ ಒಬ್ಬರಿಗೆ ಮಾತ್ರ ಹೇಳಲಿ. ಇಬ್ಬರ ಕೈಗೂ ಒಂದೇ ಬಣ್ಣದ ಟೋಕನ್ ಬರಲಿ. ಸಾಲಿನಲ್ಲಿ ನಿಂತಾಗ ಯಾರು ಯಾರೆಂದು ಗೊತ್ತಾಗಬಾರದು, ಅಷ್ಟೇ. ನನ್ನ ಸರ್ಕಾರಿ ಶಾಲೆಯಲ್ಲಿ ಹತ್ತು ವರ್ಷ ಹಾಗೆಯೇ ನಡೆದಿದೆ. ಗೆರೆಯನ್ನು ಹನ್ನೆರಡನೇ ತರಗತಿಗೆ ಸರಿಸಿ ಎಂದು ಸರ್ಕಾರವನ್ನು ಕೇಳುವ ಕೆಲಸ ಬೇರೆ ಇದೆ. ಓಟು ಬಂದ ಮೇಲೆ ಅದನ್ನೂ ಕೇಳುತ್ತೇನೆ.

ಆ ಬುಧವಾರ ಮೇಡಂ ಮುಂದೆ ಏನೂ ಕೇಳಲಿಲ್ಲ. ಮರುದಿನದಿಂದ ಅವರ ಬುತ್ತಿ ಸ್ವಲ್ಪ ದೊಡ್ಡದಾಯಿತು. "ಇವತ್ತು ಹೆಚ್ಚಾಗಿದೆ, ಬಾ" ಎನ್ನುತ್ತಿದ್ದರು. ಆಗಸ್ಟಿನಲ್ಲಿ ದೋಣಿಗಳು ಕಡಲಿಗೆ ಇಳಿಯುವವರೆಗೂ ಅವರ ಮನೆಯಲ್ಲಿ ಪ್ರತಿದಿನ ಅಡುಗೆ ಹೆಚ್ಚಾಗುತ್ತಲೇ ಇತ್ತು. ಅವರು ಒಮ್ಮೆಯೂ ನನ್ನ ಹೆಸರನ್ನು ಯಾವ ಪಟ್ಟಿಯಲ್ಲೂ ಬರೆಯಲಿಲ್ಲ.

ಆಗ ದೂರ ಹೋಗಿ ಊಟ ಮಾಡುತ್ತಿದ್ದ ಗೆಳತಿಯರೇ, ನಿಮಗೆ ಸುಳ್ಳು ಹೇಳಿದ್ದಕ್ಕೆ ಮಾಫ್ ಮಾಡಿ. ಮುಂದಿನ ಜೂನಿನಲ್ಲಿ ನಿಮ್ಮ ತಮ್ಮನೋ ತಂಗಿಯೋ ಇಲ್ಲಿಗೆ ಸೇರಿದರೆ ಅವರಿಗೆ ಒಂದು ಮಾತು ಹೇಳಿ: ಪಕ್ಕದಲ್ಲಿ ಯಾರಾದರೂ ಬುಧವಾರವೂ ಉಪವಾಸ ಎಂದರೆ, ದೂರ ಹೋಗಬೇಡಿ.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ