ಹಲ್ಲಿನ ಕಾಪು

ಕಡಲೆಯಿದ್ದಾಗ ಹಲ್ಲಿಲ್ಲವೆಂಬ ಗಾದೆಯು ಮುದುಕರಿಗೆ ಮಾತ್ರ ಸಲ್ಲುವುದೆಂದು ನಾನು ತಿಳಿದಿದ್ದೆನು. ಹದಿನಾಲ್ಕು ವರ್ಷದ ಹಿರಿಯ ಮಗನು ಹಾಕಿ ಆಟದಲ್ಲಿ ಚೆಂಡಿನ ಪೆಟ್ಟಿಗೆ ಮುಂಬಲ್ಲೊಂದನ್ನು ಕಳೆದುಕೊಂಡ ದಿನ ಆ ಭ್ರಮೆ ಹರಿಯಿತು. ಉದುರಿದ ಹಲ್ಲನ್ನು ಕಾಗದದಲ್ಲಿ ಸುತ್ತಿ ಮರುದಿನ ವೈದ್ಯರಲ್ಲಿಗೆ ಒಯ್ದೆನು. ಬೇರನ್ನು ಮುಟ್ಟದೆ ಹಾಲಿನಲ್ಲಿಟ್ಟು ಒಂದು ಗಂಟೆಯೊಳಗೆ ತಂದಿದ್ದರೆ ಮತ್ತೆ ನೆಡುವ ಆಸೆಯಿತ್ತೆಂದು ಅವರು ಹೇಳಿದಾಗ ನನ್ನ ಅಜ್ಞಾನಕ್ಕೆ ನಾನೇ ನಾಚಿದೆನು.

ಈಗ ಕಿರಿಯವನೂ ಆಟಕ್ಕೆ ಹೊರಟಿದ್ದಾನೆ. ನನ್ನಾಕೆ ಬೇಡವೆಂದಳು, ಆಟವನ್ನೇ ಬಿಡಿಸುವುದು ನನಗೆ ಸರಿದೋರಲಿಲ್ಲ. ದಂತವೈದ್ಯರು ಅವನ ಹಲ್ಲುಗಳ ಅಚ್ಚು ತೆಗೆದು, ಪ್ಲಾಸ್ಟರಿನ ಪಡಿಯಚ್ಚಿನ ಮೇಲೆ ಕಾಯಿಸಿದ ಮೆದು ಹಾಳೆಯನ್ನು ಕೂರಿಸಿ, ಮೇಲ್ದವಡೆಗೆ ಒಪ್ಪುವ ಕವಚವನ್ನು ಮಾಡಿಕೊಟ್ಟರು. ಪೆಟ್ಟಿನ ಬಲವನ್ನು ಇದು ಹೀರಿ ಹಂಚಿಬಿಡುವುದು. 1890ರ ಸುಮಾರಿಗೆ ಲಂಡನ್ನಿನ ದಂತವೈದ್ಯ ವುಲ್ಫ್ ಕ್ರೌಸ್ ಎಂಬವನು ಮುಷ್ಟಿಮಲ್ಲರಿಗಾಗಿ ಗಟ್ಟಾಪರ್ಚಾದಿಂದ ಮಾಡಿದ ಕಾಪೇ ಇದರ ಪೂರ್ವಜ.

ಅಂಗಡಿಯದು ಅಗ್ಗವೇನೋ ಸರಿ. ಸಡಿಲವಾದರೆ ಮಕ್ಕಳು ಉಗುಳಿಬಿಡುತ್ತಾರೆ. ತಣ್ಣೀರಿನಲ್ಲಿಯೇ ತೊಳೆಯಬೇಕು, ಬಿಸಿನೀರು ತಾಕಿದರೆ ಆಕಾರ ಕೆಡುವುದು. ಬೆಳೆಯುವ ಬಾಯಿಗೆ ಆಗಾಗ ಹೊಸದು ಬೇಕು.

ಆಟಕ್ಕೆ ಹೊರಡುವಾಗ ಹಿರಿಯವನೇ ತಮ್ಮನಿಗೆ ಅದನ್ನು ನೆನಪಿನಿಂದ ಕೊಡುತ್ತಾನೆ. ಆಗ ಅವನ ನಗೆಯಲ್ಲಿ ಕಾಣುವ ಕಂಡಿಯು ನನ್ನ ತಡವಾದ ಬುದ್ಧಿಗೆ ಸಾಕ್ಷಿಯಾಗಿದೆ.